ನೀಲಗಿರಿಯ ಚಳಿ ಮತ್ತು ಮಣ್ಣು

1962ನೆಯ ಇಸವಿಯ ಜನವರಿ 22ರಂದು ನಮ್ಮ ಸಾಂತಾಕ್ರೂಜಿನ ಹವಾಮಾನ ವೀಕ್ಷಣಾಲಯದಲ್ಲಿ ಉಷ್ಣತೆಯು 7.4 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು. ಮುಂಬಯಿಗೆ ಅದೇ ಕಡುಚಳಿ. ಆದರೂ ನೀರು ಹೆಪ್ಪುಗಟ್ಟಲಿಲ್ಲ. ನೆರೆಯ ಸಮುದ್ರವು ನಮ್ಮನ್ನು ಕಾಯುತ್ತದೆ. ನೀರು ಹೆಪ್ಪುಗಟ್ಟುವ ಚಳಿಯನ್ನು ಕನ್ನಡದ ನೆರೆಯಲ್ಲಿಯೇ ನೋಡಬೇಕಾದರೆ ಮೈಸೂರಿನ ದಕ್ಷಿಣಕ್ಕಿರುವ ನೀಲಗಿರಿಯನ್ನು ಏರಬೇಕು. ಅಲ್ಲಿಯ ಅತ್ಯುನ್ನತ ಶಿಖರವಾದ ದೊಡ್ಡಬೆಟ್ಟದ ಎತ್ತರ 2,637 ಮೀಟರು. ಹೆಸರೇ ಕನ್ನಡ!

ಡಿಸೆಂಬರು, ಜನವರಿಗಳ ಮೋಡವಿಲ್ಲದ ರಾತ್ರಿಗಳಲ್ಲಿ ಅಲ್ಲಿಯ ನೆಲವು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣಿದ ಗಾಳಿಯು ಭಾರವಾಗಿ ತಗ್ಗಿಗಿಳಿದು ನಿಲ್ಲುತ್ತದೆ. ಮುಂಜಾನೆ ನೋಡಿದರೆ ಹುಲ್ಲಿನ ಮೇಲೆ ಇಬ್ಬನಿಯ ಬದಲು ಬಿಳಿಯ ಹಿಮದ ಹುಡಿ! ಎಳೆಯ ಸಸಿಯೊಳಗಿನ ನೀರು ಹೆಪ್ಪುಗಟ್ಟಿದರೆ ಸಸಿ ಸಾಯುತ್ತದೆ. ಹುಲ್ಲು ಮಾತ್ರ ಸಾಯದು. ಅದರ ಮೊಳಕೆಯು ಮಣ್ಣಿನ ಮಟ್ಟದಲ್ಲಿ ಅಡಗಿರುವುದರಿಂದ ಎಲೆ ಕಮರಿದರೂ ಮತ್ತೆ ಚಿಗುರುತ್ತದೆ.

ಹಾಗಾದರೆ ಅಲ್ಲಿ ಮರಗಳೇ ಇಲ್ಲವೆ? ಉಂಟು. ಬೆಟ್ಟದ ಮಡಿಲುಗಳಲ್ಲಿ, ಮಣ್ಣು ಆಳವೂ ತೇವವೂ ಆಗಿರುವೆಡೆ, ಶೋಲಾ ಎಂಬ ಕಾಡುಗಳಿವೆ. ಹಳೆಯ ಮರಗಳ ದಟ್ಟವಾದ ಚಪ್ಪರವು ಕಾವನ್ನು ಹಿಡಿದಿಡುವುದರಿಂದ ಅದರಡಿಯಲ್ಲಿ ಸಸಿಗಳು ಬದುಕುತ್ತವೆ. ಕಾಡು ಮುಗಿದೊಡನೆ ಹುಲ್ಲುಗಾವಲು, ಗೆರೆ ಎಳೆದಂತೆ! ನೀವು ಭೂಗೋಳದಲ್ಲಿ ಓದಿದ ಟಂಡ್ರಾ ಪ್ರದೇಶದಲ್ಲಿ ನೆಲದಡಿಯು ವರ್ಷವಿಡೀ ಹೆಪ್ಪುಗಟ್ಟಿದ್ದು ಬೇರುಗಳನ್ನು ತಡೆಯುತ್ತದೆ. ಇಲ್ಲಿಯಾದರೋ ಕೆಲವೇ ರಾತ್ರಿಗಳ ಹಿಮವು ಮರಗಳನ್ನು ದೂರವಿರಿಸಲು ನೆರವಾಗುತ್ತದೆ.

ಚಳಿಯಲ್ಲಿ ತರಗೆಲೆಗಳು ಬೇಗ ಕೊಳೆಯುವುದಿಲ್ಲ. ಆದುದರಿಂದ ಮಣ್ಣು ಕಪ್ಪಾಗಿ, ಹುಳಿಗುಣವನ್ನು ಪಡೆದು, ಮಳೆಯ ನೀರನ್ನು ಹೀರಿ ಮೆಲ್ಲಗೆ ತೊರೆಗಳಿಗೆ ಬಿಡುತ್ತದೆ. ಜೌಗುತಗ್ಗುಗಳಲ್ಲಿ ಇಪ್ಪತ್ತು ಸಾವಿರ ವರ್ಷಗಳಿಗೂ ಹಿಂದಿನ ಸಸ್ಯಶೇಷಗಳು ಉಳಿದಿವೆ.

ಈ ಬೆಟ್ಟಗಳಲ್ಲಿ ಬಡಗರು ವಾಸಿಸುತ್ತಾರೆ. ‘ಬಡಗ’ ಎಂದರೆ ಉತ್ತರ ದಿಕ್ಕು. ಇವರ ಹಿರಿಯರು ಮೈಸೂರು ಸೀಮೆಯಿಂದ ಬಂದವರೆಂದು ಹೇಳುತ್ತಾರೆ. ನುಡಿಯು ಕನ್ನಡಕ್ಕೆ ತೀರ ಹತ್ತಿರ. (ಈ ನಗರದಲ್ಲಿ ನಮ್ಮನ್ನು ‘ಮದರಾಸಿ’ಗಳೆಂದು ಕರೆದಂತೆ, ಅಲ್ಲಿಯೂ ಬಂದ ದಿಕ್ಕೇ ಹೆಸರಾಯಿತು!) ಅವರು ಮೊದಲು ರಾಗಿ, ಸಾಮೆಗಳನ್ನು ಬೆಳೆದರು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ನನು 1819ರಲ್ಲಿ ಬೆಟ್ಟವನ್ನೇರಿದ ಮೇಲೆ ಆಲೂಗಡ್ಡೆ ಮೊದಲಾದ ತಂಪುನಾಡಿನ ಬೆಳೆಗಳು ಹರಡಿದವು. ಇಂದು ಚಹವೇ ಮುಖ್ಯ. ಚಹದ ಗಿಡಕ್ಕೆ ಹುಳಿಮಣ್ಣು ಹಿತ, ಹಿಮವು ಅಹಿತ. ಒಂದು ರಾತ್ರಿಯ ಹಿಮಕ್ಕೆ ರೈತನ ಚಿಗುರೆಲ್ಲ ಸುಟ್ಟುಹೋಗುವುದುಂಟು.

ಮರವಿಲ್ಲದ ನೆಲವು ಬಂಜರೆಂದು ಬಗೆದವರು ಚಳಿಗೆ ಜಗ್ಗದ ಆಸ್ಟ್ರೇಲಿಯದ ವಾಟಲ್ ಮತ್ತು ನೀಲಗಿರಿ ಮರಗಳನ್ನು ಆ ಹುಲ್ಲುಗಾವಲುಗಳಲ್ಲಿ ನೆಡಿಸಿದರು. ವಾಟಲ್ ತಾನಾಗಿಯೇ ಹಬ್ಬಿತು. ಹುಲ್ಲು ಬಹುಮಟ್ಟಿಗೆ ಅಳಿಯಿತು. ಈಗ ಕೆಲವೆಡೆ ವಾಟಲನ್ನು ಕಿತ್ತು, ಹಳೆಯ ಹುಲ್ಲನ್ನು ಬುಡಬುಡವಾಗಿ ಕೈಯಿಂದ ನೆಡುತ್ತಿದ್ದಾರೆ.