ನೀರೊಲೆ ಹೊರಗಿದ್ದರೆ ಸಾಕೆ?

ಧನುರ್ಮಾಸದ ಚಳಿ ಬಂತೆಂದರೆ ಉಡಿಗಾಲದ ಕಡೆ ನಸುಕಿನಲ್ಲೇ ನೀರೊಲೆಗಳು ಹೊತ್ತಿಕೊಳ್ಳುತ್ತವೆ. ಅಡುಗೆಗೆ ಗ್ಯಾಸ್ ಬಂದರೂ ಸ್ನಾನಕ್ಕೆ ಹಂಡೆಯೇ. ಬಚ್ಚಲ ಹಂಡೆ ತೆಗೆದು ಹೊರಗೆ ಸೌದೆಯ ಬಾಯ್ಲರ್ ಇಡಿಸಬೇಕೆಂದು ನೀವು ಯೋಚಿಸುತ್ತಿದ್ದರೆ ಒಳ್ಳೆಯದೇ. ಹಣವಿದ್ದರೆ ಸೋಲಾರ್ ಇನ್ನೂ ಮೇಲು. ಆದರೆ ಒಲೆಯನ್ನು ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ.

ಚಳಿಗಾಲದ ಮುಂಜಾನೆ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳುವುದಿಲ್ಲ. ಹೊಗೆಯೂ ಅಲ್ಲೇ ಕವಿದುಕೊಳ್ಳುತ್ತದೆ. ಕಿಟಕಿಯ ಕೆಳಗೆ ಒಲೆಯಿದ್ದರೆ ಅದು ನಿಮ್ಮ ಕೋಣೆಗೋ, ಪಕ್ಕದ ಮನೆಯಲ್ಲಿ ಉಬ್ಬಸದಿಂದ ಮಲಗಿದವರ ಹಾಸಿಗೆಗೋ ಸೇರುತ್ತದೆ. ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಬೀಡಿ ಮುಟ್ಟದ ಹೆಂಗಸರಿಗೂ ವರ್ಷಗಟ್ಟಲೆ ಒಲೆ ಊದಿದ್ದರಿಂದ ಸಿ.ಒ.ಪಿ.ಡಿ. ಎಂಬ ದಮ್ಮು ಬರುವುದುಂಟು.

ಹೊಗೆ ಕೊಳವೆ ಸೂರಿಗಿಂತ ಎತ್ತರವಿರಲಿ, ಮಸಿ ಆಗಾಗ ತೆಗೆಯಿರಿ. ಹಸಿ ಸೌದೆ, ಒದ್ದೆ ಮಟ್ಟೆ ಬೇಡ. ಪ್ಲಾಸ್ಟಿಕ್ ಚೀಲ, ಟೈರಿನ ಚೂರು ಹಾಕಿ ಹೊತ್ತಿಸುವುದಂತೂ ಕೂಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ ಒಲೆ’ಯ ಗುಟ್ಟೂ ಇಷ್ಟೇ: ಸೌದೆ ಚೆನ್ನಾಗಿ ಉರಿಯಬೇಕು, ಹೊಗೆ ಕೊಳವೆಯಲ್ಲಿ ಹೋಗಬೇಕು.

ಇನ್ನೊಂದು ಮಾತು. ಒಲೆ ಹೊರಗೆ ಹೋದ ಮೇಲೂ ಅದರ ಕೆಂಡ ಬಾಣಂತಿಯ ಕೋಣೆಗೆ ಬರುತ್ತದೆ. ಹೊಗೆಯಾಡದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿ ಮಲಗಿದ ತಾಯಿ, ಮಗು ನಿದ್ದೆಯಲ್ಲೇ ಪ್ರಾಣ ಬಿಡಬಹುದು. ತಲೆನೋವು, ವಾಕರಿಕೆ, ಮಂಪರು ಕಂಡರೆ ತಕ್ಷಣ ಅವರನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಕರೆದೊಯ್ಯಿರಿ. ಮಗುವಿಗೆ ಸಾಂಬ್ರಾಣಿ ಹೊಗೆಯೂ ಬೇಡ, ಅಜ್ಜಿಯರು ನನ್ನ ಮೇಲೆ ಮುನಿಸಿಕೊಂಡರೂ ಸರಿ. ಟೋಪಿ, ಕಾಲುಚೀಲ, ತಾಯಿಯ ಮೈಶಾಖ ಸಾಕು.