ಕಲ್ಲು ಓದಿದರೆ ಜಾಗ ತಿಳಿಯುತ್ತದೆ



ನಾವು ಒಂದು ಜಾಗದ ಗುರುತು ಹೇಗೆ ಹೇಳುತ್ತೇವೆ? "ದೊಡ್ಡ ಗೋಳಿಮರದ ಹತ್ತಿರ" ಅಂತ ಹೇಳುತ್ತೇವೆ. ಊರಿನವರಿಗೆ ಅಷ್ಟು ಸಾಕು. ದೂರದವರಿಗೆ ಸಾಕಾ?

ನಮ್ಮ ತರಗತಿಯ ಒಬ್ಬರು ಅಕ್ಕನ ಕಥೆ ಕೇಳಿ. ಅವರು ಮಂಗಳೂರು–ಮೂಡುಬಿದಿರೆ ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಜೋರು ಮಳೆ. ಒಂದು ಸ್ಕೂಟರ್ ಜಾರಿ ಬಿತ್ತು. ಒಬ್ಬ ಹುಡುಗನ ತಲೆಗೆ ಪೆಟ್ಟಾಯಿತು. ಅಕ್ಕ 108ಕ್ಕೆ ಫೋನ್ ಮಾಡಿದರು.

"ಎಲ್ಲಿದ್ದೀರಿ?"

"ಬೆದ್ರದ ಹತ್ತಿರ. ಗೋಳಿಮರದ ಕಟ್ಟೆಯ ಬಳಿ."

ಫೋನ್ ಎತ್ತಿದವರಿಗೆ ಬೆದ್ರ ಗೊತ್ತಿರಲಿಲ್ಲ. ರಸ್ತೆ ಅಗಲ ಮಾಡುವಾಗ ಗೋಳಿಮರವೂ ಹೋಗಿತ್ತು. ಇನ್ನು ಏನು ಹೇಳುವುದು? ಅಕ್ಕ ಸುತ್ತ ನೋಡಿದರು. ಬದಿಯಲ್ಲಿ ಒಂದು ಕಲ್ಲು ಇತ್ತು. ಅಕ್ಷರ ಕೂಡಿಸಿ ಓದಿದರು. ಮೂ–ಡು–ಬಿ–ದಿ–ರೆ. 6.

ಅದನ್ನೇ ಹೇಳಿದರು. ಆಂಬುಲೆನ್ಸ್ ಬಂತು. ಹುಡುಗ ಉಳಿದ. "ಓದುವಾಗ ಕೈ ನಡುಗುತ್ತಿತ್ತು ಟೀಚರೇ. ಆದರೂ ಓದಿದೆ" ಅಂತ ಅಕ್ಕ ಆಮೇಲೆ ನಮ್ಮಲ್ಲಿ ಹೇಳಿದರು.

ಕಲ್ಲಿನಲ್ಲಿ ಏನುಂಟು?

ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲೆ ಊರಿನ ಹೆಸರು ಇರುತ್ತದೆ. ಅದರ ಜೊತೆ ಒಂದು ಸಂಖ್ಯೆ ಇರುತ್ತದೆ. ಆ ಊರಿಗೆ ಇನ್ನೆಷ್ಟು ಕಿಲೋಮೀಟರ್ ಅಂತ ಅದರ ಅರ್ಥ.

ಹೆದ್ದಾರಿಗೂ ಸಂಖ್ಯೆ ಉಂಟು. ಬಿ.ಸಿ. ರೋಡಿನಿಂದ ಬೆಂಗಳೂರಿನ ಕಡೆಗೆ ಹೋಗುವುದು 75. ಬಿ.ಸಿ. ರೋಡಿನಿಂದ ಬಂಟ್ವಾಳ ಪೇಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿಗೆ ಹೋಗುವುದು 73. ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವುದು 169. 2010ರಲ್ಲಿ ಸರಕಾರ ಹೆದ್ದಾರಿಗಳ ಸಂಖ್ಯೆ ಬದಲಿಸಿತು. ಮೊದಲು 75ಕ್ಕೆ 48 ಅಂತಲೂ, 169ಕ್ಕೆ 13 ಅಂತಲೂ ಇತ್ತು. ಹಿರಿಯರು ಹಳೆಯ ಸಂಖ್ಯೆ ಹೇಳಿದರೆ ಗಾಬರಿ ಬೇಡ.

ಬಾಯಿಯ ಹೆಸರು, ಬೋರ್ಡಿನ ಹೆಸರು

ತುಳುವಿನಲ್ಲಿ ನಾವು ಕುಡ್ಲ ಅನ್ನುತ್ತೇವೆ. ಬೋರ್ಡಿನಲ್ಲಿ ಮಂಗಳೂರು ಅಂತ ಇರುತ್ತದೆ. ಬೆದ್ರ ಅಂದರೆ ಮೂಡುಬಿದಿರೆ. ಕಾರ್ಲ ಅಂದರೆ ಕಾರ್ಕಳ. ಉಬಾರ್ ಅಂದರೆ ಉಪ್ಪಿನಂಗಡಿ. ನಮ್ಮ ಹೆಸರು ತಪ್ಪಲ್ಲ. ಆದರೆ ದೂರದವರಿಗೆ ಬೋರ್ಡಿನ ಹೆಸರೇ ಹೇಳಬೇಕು. ಎರಡನ್ನೂ ಕಲಿತಿರುವ.

ಅಕ್ಷರ ಇಲ್ಲದ ಫಲಕಗಳು

ಕೆಲವು ಫಲಕಗಳಲ್ಲಿ ಬರೀ ಚಿತ್ರ ಇರುತ್ತದೆ. ಅವುಗಳ ಆಕಾರ ನೋಡಿ.

ಕೆಂಪು ಅಂಚಿನ ಮೂರು ಮೂಲೆಯ ಫಲಕ: ಜಾಗ್ರತೆ! ಮುಂದೆ ತಿರುವು, ಶಾಲೆ ಅಥವಾ ಕಿರಿದಾದ ಸೇತುವೆ ಇದೆ.

ಕೆಂಪು ಅಂಚಿನ ದುಂಡು ಫಲಕ: ಹೀಗೆ ಮಾಡಬಾರದು.

ನೀಲಿ ಬಣ್ಣದ ದುಂಡು ಫಲಕ: ಹೀಗೆ ಮಾಡಲೇಬೇಕು.

ನೀಲಿ ಬಣ್ಣದ ಚೌಕ ಫಲಕ: ಆಸ್ಪತ್ರೆ, ಪೆಟ್ರೋಲ್ ಪಂಪ್ ಮುಂತಾದವು ಇಲ್ಲಿ ಇವೆ.

ಫೋನ್ ಮಾಡುವಾಗ

ಆಂಬುಲೆನ್ಸಿಗೆ 108. ಪೊಲೀಸರಿಗೆ 112. ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಮೂರು ಮಾತು ಹೇಳಿ. ಯಾವ ಹೆದ್ದಾರಿ? ಯಾವ ಊರಿಗೆ ಎಷ್ಟು ಕಿಲೋಮೀಟರ್? ಆ ಊರಿನ ಯಾವ ಕಡೆ? ಬರೀ "ಮೂಡುಬಿದಿರೆ 6" ಅಂದರೆ ಮಂಗಳೂರಿನ ಕಡೆಯೂ ಆಗಬಹುದು, ಕಾರ್ಕಳದ ಕಡೆಯೂ ಆಗಬಹುದು. ರಸ್ತೆ ಅಗಲವಾದಲ್ಲಿ ಕಲ್ಲು ಇಲ್ಲದಿರಲೂಬಹುದು. ಆಗ ಹತ್ತಿರದ ಅಂಗಡಿಯ, ಶಾಲೆಯ, ಬಸ್ ನಿಲ್ದಾಣದ ಬೋರ್ಡು ಓದಿ.

"ಪೊಲೀಸ್ ಕೇಸು ನಮ್ಮ ತಲೆಗೆ ಬಂದರೆ?" ಅಂತ ಹೆದರಿಕೆಯೇ? ಗಾಯವಾದವರಿಗೆ ಸಹಾಯ ಮಾಡಿದವರನ್ನು ಕಾನೂನು ಕಾಪಾಡುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಈ ಮಾತು ಸೇರಿದೆ. ನಿಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯ ಮಾಡುವಂತಿಲ್ಲ.

ಈ ವಾರ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಬದಿ ಕುಳಿತುಕೊಳ್ಳಿ. ಮೂರು ಕಲ್ಲು, ಮೂರು ಬೋರ್ಡು ಓದಿ. ಅವುಗಳ ಹೆಸರು ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಮನೆಗೆ ಹತ್ತಿರದ ಕಲ್ಲು ಯಾವುದು? ಮುಂದಿನ ತರಗತಿಯಲ್ಲಿ ಎಲ್ಲರೂ ಕೂಡಿ ಓದುವ.