ತೂಗುಸೇತುವೆಯ ಬಲ ದಡದಲ್ಲಿದೆ

ಮಹಾಪೆಯಿಂದ ಮುಂಬೈಗೆ ಹೋಗುವವರು ಠಾಣೆ ಖಾಡಿಯನ್ನು ಐರೋಲಿ ಅಥವಾ ವಾಶಿ ಸೇತುವೆಯ ಮೇಲೆ ದಾಟುತ್ತಾರೆ. ಎರಡೂ ನೀರಿಗಿಳಿದ ಕಂಬಗಳ ಮೇಲೆ ನಿಂತಿವೆ. ಬಾಂದ್ರಾ–ವರ್ಲಿ ಸೇತುವೆಗೆ ಉಕ್ಕಿನ ಹಗ್ಗಗಳಿದ್ದರೂ ಅವು ಗೋಪುರದಿಂದ ನೇರವಾಗಿ ಇಳಿದು ರಸ್ತೆಯನ್ನು ಹಿಡಿದಿವೆ, ಅದು ತೂಗುಸೇತುವೆಯಲ್ಲ. ನಿಜವಾದ ತೂಗುಸೇತುವೆ ನೋಡಬೇಕಾದರೆ ರಜೆಯಲ್ಲಿ ಊರಿಗೆ ಹೋದಾಗ ಸುಳ್ಯದ ಕಡೆ ಹೋಗಬೇಕು.

ಅಲ್ಲಿನ ಅರಂಬೂರಿನಲ್ಲಿ 1989ರಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದವರು ಎಂಜಿನಿಯರ್ ಗಿರೀಶ್ ಭಾರದ್ವಾಜ್. ಮುಂದೆ ಕರ್ನಾಟಕ, ಕೇರಳ, ಒಡಿಶಾ ಮೊದಲಾದೆಡೆ ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹೊಳೆ ತುಂಬಿದಾಗ ದೋಣಿ ನಿಂತು, ಮಕ್ಕಳಿಗೆ ಶಾಲೆ ತಪ್ಪುವ ಊರುಗಳಿಗೆ ಇಂಥ ಸೇತುವೆ ಮಹದುಪಕಾರ. ನಡುಹೊಳೆಯಲ್ಲಿ ಕಂಬವಿಲ್ಲದ್ದರಿಂದ ಖರ್ಚೂ ಕಡಿಮೆ, ನೆರೆಯಲ್ಲಿ ತೇಲಿಬರುವ ಮರಗಳಿಗೆ ತಡೆಯೂ ಇಲ್ಲ.

ಹೊರೆ ಸಾಗುವ ದಾರಿ

ನಡೆಯುವವರ ಭಾರ ಹಲಗೆಯಿಂದ ತೂಗುಸರಳುಗಳಿಗೆ, ಅಲ್ಲಿಂದ ಮೇಲಿನ ಎರಡು ಪ್ರಧಾನ ಹಗ್ಗಗಳಿಗೆ ಏರುತ್ತದೆ. ಹಗ್ಗ ಗೋಪುರದ ನೆತ್ತಿಯನ್ನು ಒತ್ತುತ್ತದೆ; ಅದರ ತುದಿ ದಡದ ನೆಲದಲ್ಲಿ ಹೂತ ಕಾಂಕ್ರೀಟ್ ಲಂಗರನ್ನು ಎಳೆಯುತ್ತದೆ. ಬಾವಿಯ ಹಗ್ಗದಂತೆ ಇಲ್ಲಿಯೂ ಕಟ್ಟಿದ ತುದಿ ಗಟ್ಟಿಯಿದ್ದರಷ್ಟೇ ಉಳಿದದ್ದು ಗಟ್ಟಿ.

ಹಗ್ಗ ಎಷ್ಟು ಜೋಲುಬಿದ್ದಿದೆ ಎಂಬುದೂ ಮುಖ್ಯ. 80 ಮೀಟರ್ ಹರವಿನ ಸೇತುವೆಯಲ್ಲಿ ಮೀಟರಿಗೆ 300 ಕಿಲೋ ಹೊರೆಯಿದೆ ಎಂದುಕೊಳ್ಳಿ. ಹಗ್ಗ ನಡುವೆ 8 ಮೀಟರ್ ಜೋಲಿದರೆ ಎರಡೂ ಹಗ್ಗಗಳ ಮೇಲಿನ ಅಡ್ಡ ಎಳೆತ ಒಟ್ಟು 30 ಟನ್. ಬಿಗಿದು 4 ಮೀಟರಿಗೆ ಇಳಿಸಿದರೆ ಅದೇ ಹೊರೆಗೆ 60 ಟನ್. ಆದ್ದರಿಂದ ಹೆಚ್ಚು ಬಿಗಿದರೆ ಹೆಚ್ಚು ಭದ್ರ ಎಂದುಕೊಳ್ಳುವಂತಿಲ್ಲ.

ತುಕ್ಕು ಕಲಿಸಿದ ಪಾಠ

ಸರಪಳಿಯ ಬದಲು ತಂತಿಯ ಹಗ್ಗ ಬಳಸಿ ದೊಡ್ಡ ನದಿ ದಾಟಬಹುದೆಂದು ತೋರಿಸಿದವರು ಫ್ರಾನ್ಸಿನ ಮಾರ್ಕ್ ಸೆಗ್ಯಾಂ. ರೋನ್ ನದಿಯ ಮೇಲಿನ ಅವರ ತೂರ್ನೋಂ ಸೇತುವೆ 1825ರಲ್ಲಿ ತೆರೆಯಿತು. ಅದೇ ದೇಶದ ಆಂಜೆಯಲ್ಲಿ 1850ರ ಏಪ್ರಿಲ್ 16ರಂದು ಬಿರುಗಾಳಿಯ ನಡುವೆ ಸೈನಿಕರು ದಾಟುತ್ತಿದ್ದಾಗ ಸೇತುವೆ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಲಂಗರಿನ ಬಳಿ ಗಾರೆಯಲ್ಲಿ ಹುದುಗಿದ್ದ ತಂತಿಗಳು ಯಾರ ಕಣ್ಣಿಗೂ ಬೀಳದೆ ತುಕ್ಕು ಹಿಡಿದಿದ್ದವು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿಯೂ ತೂಗುಸೇತುವೆ ಕುಸಿದು 135 ಜನ ಪ್ರಾಣ ಕಳೆದುಕೊಂಡರು. ತುಂಡಾದ ಹಗ್ಗದ 49 ತಂತಿಗಳಲ್ಲಿ 22ಕ್ಕೆ ಮೊದಲೇ ತುಕ್ಕು ಹಿಡಿದಿತ್ತೆಂದು ತನಿಖಾ ತಂಡ ಕಂಡುಕೊಂಡಿತು.

ಹಾಗಾಗಿ ಊರಿನ ತೂಗುಸೇತುವೆ ಏರುವ ಮುನ್ನ ಹಗ್ಗ ನೆಲ ಸೇರುವ ಜಾಗವನ್ನು ನೋಡಿ. ಅಲ್ಲಿ ಮಣ್ಣು, ಪೊದೆ, ನಿಂತ ನೀರು ಇರಕೂಡದು. ಹಗ್ಗ ಹಿಡಿದ ಕ್ಲಾಂಪುಗಳು ಸಡಿಲವಾಗಿರಕೂಡದು. ಒಮ್ಮೆಗೆ ಎಷ್ಟು ಜನ ಎಂಬ ಫಲಕವಿದ್ದರೆ ಅದನ್ನು ಮೀರಬೇಡಿ, ಗುಂಪಾಗಿ ಸೇತುವೆಯನ್ನು ಕುಣಿಸಬೇಡಿ. ತುಕ್ಕು ಕಂಡರೆ ಪಂಚಾಯಿತಿಗೆ ಬರೆದು ಕೊಡಿ. ಮಳೆಗಾಲಕ್ಕೆ ಮೊದಲು ಆಗುವ ಒಂದು ತಪಾಸಣೆ ಎಷ್ಟೋ ಜೀವ ಉಳಿಸುತ್ತದೆ.